ಮೂರನೇ ಬಹುಮಾನದ ರಾಜು

ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾ ನೋಡಿದವರಿಗೆಲ್ಲ ಆ ಆಸಾಮಿ ಗೊತ್ತು. ಗಾಯಕಿ ನೀರು ಕುಡಿಯೋಕೆ ಒಳಗೆ ಹೋಗಿರ್ತಾಳೆ, ತಬಲದವನು ಶ್ರುತಿ ಸರಿಮಾಡ್ಕೊಳ್ತಿರ್ತಾನೆ. ಆಗ ಒಬ್ಬ ಮೈಕು ಹಿಡಿದು ಬಂದು ರಾಜಕುಮಾರ್ ದನಿ, ವಜ್ರಮುನಿ ದನಿ, ನಾಯಿ ಬೊಗಳಾಟ, ಬಸ್ಸಿನ ಹಾರನ್ನು ಎಲ್ಲ ಮಾಡಿ ಜನರನ್ನು ಕೂರಿಸಿಡ್ತಾನೆ. ಹಾಡು ಶುರುವಾದೊಡನೆ ಅವನು ಮಾಯ! ಕರಪತ್ರದಲ್ಲಿ ಅವನ ಹೆಸರು ಕೊನೇ ಸಾಲಿನಲ್ಲಿ, ಅದೂ ‘ಮಿಮಿಕ್ರಿ’ ಅಂತ ಮಾತ್ರ.

ಅಂಥದೇ ಕಸುಬು ಮಾಡ್ತಾ ಇಡೀ ಉತ್ತರ ಹಿಂದೂಸ್ಥಾನವನ್ನು ನಗಿಸಿದವರು ರಾಜು ಶ್ರೀವಾಸ್ತವ. ನಿಜ ಹೆಸರು ಸತ್ಯಪ್ರಕಾಶ್ ಶ್ರೀವಾಸ್ತವ. 1963ರ ಡಿಸೆಂಬರ್ 25ರಂದು ಕಾನ್ಪುರದಲ್ಲಿ ಹುಟ್ಟಿದರು. ತಂದೆ ರಮೇಶಚಂದ್ರ ಶ್ರೀವಾಸ್ತವ ಕವಿಗಳು. ‘ಬಲಾಯಿ ಕಾಕಾ’ ಎಂದೇ ಆ ಕಡೆ ಹೆಸರುವಾಸಿ. ಮನೆಯಲ್ಲಿ ಮಾತಿಗೆ ಬರ ಇರಲಿಲ್ಲ. ಮಗನಿಗೆ ಮಾತ್ರ ಹುಚ್ಚು ಹಿಡಿಸಿದ್ದು ಅಮಿತಾಭ್ ಬಚ್ಚನ್‌. ಆ ದಪ್ಪ ಕಂಠವನ್ನು ಹುಡುಗ ತನ್ನದೇ ಮಾಡಿಕೊಂಡ.

80ರ ದಶಕದ ಮೊದಲಿಗೆ ಬೊಂಬಾಯಿ ಸೇರಿದರು. ಅಲ್ಲಿ ಯಾರು ಕೇಳ್ತಾರೆ ಸ್ವಾಮಿ? ಹೊಟ್ಟೆಪಾಡಿಗೆ ಆಟೋರಿಕ್ಷಾ ಓಡಿಸಿದರು. ಹುಟ್ಟುಹಬ್ಬದ ಪಾರ್ಟಿ, ಆರ್ಕೆಸ್ಟ್ರಾ, ಎಲ್ಲಿ ಕರೆದರೆ ಅಲ್ಲಿ ಹೋದರು. ಆಗ ಒಂದು ಷೋಗೆ 50 ರೂಪಾಯಿ ಸಿಗ್ತಿತ್ತು ಎಂದು ಅವರೇ ಹೇಳಿಕೊಂಡದ್ದುಂಟು. ನಗೆಯ ಕ್ಯಾಸೆಟ್ಟುಗಳೂ ಬಂದವು.

ಸಿನಿಮಾ? ಅದೂ ಆಯ್ತು. 1988ರ ‘ತೇಜಾಬ್’, 1989ರ ‘ಮೈನೆ ಪ್ಯಾರ್ ಕಿಯಾ’, 1993ರ ‘ಬಾಜಿಗರ್’ — ಚಿತ್ರಗಳೆಲ್ಲ ಭರ್ಜರಿ ಓಡಿದವು. ರಾಜು ಅವುಗಳಲ್ಲಿದ್ದರು, ಆದರೆ ಪ್ರೇಕ್ಷಕ ಕಡಲೆಕಾಯಿ ಸುಲಿಯೋಕೆ ತಲೆ ಬಗ್ಗಿಸಿದರೆ ಕಾಣದಷ್ಟು! ದೂರದರ್ಶನದ ‘ಶಕ್ತಿಮಾನ್’ ಧಾರಾವಾಹಿಯಲ್ಲಿ ಪತ್ರಿಕಾ ವರದಿಗಾರ ಧುರಂಧರ ಸಿಂಗ್ ಆದರು. ಮಕ್ಕಳು ನಕ್ಕರು. ದೊಡ್ಡವರಿಗೆ ಹೆಸರು ನೆನಪುಳಿಯಲಿಲ್ಲ.

ಹೀಗೇ 17 ವರ್ಷ ಕಳೆದವು. 2005ರಲ್ಲಿ ಸ್ಟಾರ್ ಒನ್ ಟಿವಿಯವರು ‘ದಿ ಗ್ರೇಟ್ ಇಂಡಿಯನ್ ಲಾಫ್ಟರ್ ಚಾಲೆಂಜ್’ ಎಂಬ ನಗೆ ಪಂದ್ಯ ಏರ್ಪಡಿಸಿದರು. ತೀರ್ಪುಗಾರರು ಶೇಖರ್ ಸುಮನ್ ಮತ್ತು ಕ್ರಿಕೆಟ್ಟಿನ ಸಿದ್ಧು. 41 ದಾಟಿದ ರಾಜು, ಹೊಸ ಹುಡುಗರ ಸಾಲಿನಲ್ಲಿ ನಿಂತರು. ನಾಚಿಕೆ ಬಿಟ್ಟು ನಿಂತದ್ದೇ ದೊಡ್ಡದು.

ಅಲ್ಲಿ ಅವರನ್ನು ಕಾಪಾಡಿದ್ದು ಬರೀ ಬಚ್ಚನ್ ದನಿಯಲ್ಲ. ತಮ್ಮ ಸೀಮೆಯ ಹಳ್ಳಿ ಭಾಷೆಯನ್ನೇ ಅವರು ವೇದಿಕೆಗೆ ತಂದರು. ಗಜೋಧರ ಎಂಬ ಮುಗ್ಧ ಹಳ್ಳಿಗನನ್ನು ನಿಲ್ಲಿಸಿದರು. ಮದುವೆ ಊಟದ ನೂಕುನುಗ್ಗಲು, ಮುಂಬಯಿ ಲೋಕಲ್ ರೈಲಿನ ಬೆವರು — ಇವೇ ಸರಕು. ಜೀವವಿಲ್ಲದ ವಸ್ತುಗಳಿಗೂ ಬಾಯಿ ಕೊಟ್ಟು ಮಾತಾಡಿಸಿದರು. ರೈಲಿನಲ್ಲಿ ನಿಂತೇ ಊರು ತಲುಪುವವನಿಗೆ ತನ್ನ ಪಾಡೇ ಪರದೆ ಮೇಲೆ ಕಂಡಿತು. ದನಿ ಅನುಕರಣೆ ಹಲವರಿಗೆ ಬರುತ್ತೆ. ಪಕ್ಕದ ಸೀಟಿನವನನ್ನು ನೋಡುವ ಕಣ್ಣು ಎಲ್ಲರಿಗೂ ಬರೋಲ್ಲ.

ಗೆದ್ದವರು ಸುನಿಲ್ ಪಾಲ್. ಎರಡನೆಯವರು ಎಹಸಾನ್ ಕುರೇಶಿ. ರಾಜು ಮೂರನೆಯವರು! ಆದರೆ ಮಾರನೇ ದಿನದಿಂದ ಚಹಾದಂಗಡಿಗಳಲ್ಲಿ ಜನ ಆಡಿಕೊಂಡದ್ದು ಗಜೋಧರನ ಮಾತು. ಮುಂದಿನ ‘ಲಾಫ್ಟರ್ ಚಾಂಪಿಯನ್ಸ್’ ಪಂದ್ಯದಲ್ಲಿ ಕಿರೀಟವೂ ಬಂತು, ‘ಕಿಂಗ್ ಆಫ್ ಕಾಮಿಡಿ’ ಎಂಬ ಬಿರುದಿನ ಜತೆ.

ಆಮೇಲೆ ಬಿಡುವಿಲ್ಲ. 2009ರಲ್ಲಿ ‘ಬಿಗ್ ಬಾಸ್’ ಮನೆ. ಆ ಸಲದ ನಿರೂಪಕರು ಸಾಕ್ಷಾತ್ ಅಮಿತಾಭ್! 2013ರಲ್ಲಿ ಹೆಂಡತಿ ಶಿಖಾ ಜತೆ ‘ನಚ್ ಬಲಿಯೆ’ ಕುಣಿತ. ದಾವೂದ್ ಇಬ್ರಾಹಿಂ ಬಗ್ಗೆ ನಗೆಚಟಾಕಿ ಹಾರಿಸಿದ್ದಕ್ಕೆ 2010ರಲ್ಲಿ ಪಾಕಿಸ್ತಾನದಿಂದ ಬೆದರಿಕೆ ಫೋನುಗಳೂ ಬಂದವು. ನಗಿಸೋದೂ ಪುಕ್ಕಟೆ ಅಲ್ಲ ನೋಡಿ.

ರಾಜಕೀಯದಲ್ಲಿ ಮಾತ್ರ ಅವರ ಆಟ ಗಜೋಧರನನ್ನೇ ಮೀರಿಸಿತು. 2014ರ ಲೋಕಸಭೆ ಚುನಾವಣೆಗೆ ಸಮಾಜವಾದಿ ಪಕ್ಷ ಕಾನ್ಪುರದ ಟಿಕೆಟ್ ಕೊಟ್ಟಿತ್ತು. ಸ್ಥಳೀಯ ಕಾರ್ಯಕರ್ತರು ಕೈಜೋಡಿಸ್ತಿಲ್ಲ ಅಂತ ಮಾರ್ಚ್ 11ರಂದು ಟಿಕೆಟ್ ವಾಪಸ್ ಮಾಡಿದರು. 19ಕ್ಕೆ ಬಿಜೆಪಿ ಸೇರಿದರು. ಎಂಟೇ ದಿನ! ನಗೆಗಾರ ಪಕ್ಷ ಬದಲಿಸಿದರೆ ಅದೂ ಜೋಕೇ ಎಂದು ಜನ ಸುಮ್ಮನಾಗಿರಬೇಕು. 2019ರಲ್ಲಿ ಉತ್ತರ ಪ್ರದೇಶ ಫಿಲಂ ವಿಕಾಸ ಪರಿಷತ್ತಿನ ಅಧ್ಯಕ್ಷಗಿರಿ ಸಿಕ್ಕಿತು. ಒಂದು ಕಾಲಕ್ಕೆ ಚಿತ್ರರಂಗದ ಬಾಗಿಲಲ್ಲಿ ಕಾದವರು ಈಗ ಚಿತ್ರ ಮಾಡುವವರನ್ನು ತಮ್ಮ ರಾಜ್ಯಕ್ಕೆ ಕರೆಯುವ ಕುರ್ಚಿಯಲ್ಲಿ ಕೂತರು.

2022ರ ಆಗಸ್ಟ್ 10ರಂದು ದೆಹಲಿಯ ವ್ಯಾಯಾಮಶಾಲೆಯೊಂದರಲ್ಲಿ ಕಸರತ್ತು ಮಾಡುವಾಗ ಹೃದಯಾಘಾತ. ಏಮ್ಸ್ ಆಸ್ಪತ್ರೆ ಸೇರಿದವರಿಗೆ ಪ್ರಜ್ಞೆ ಮರಳಲಿಲ್ಲ. ಪರಿಚಿತ ದನಿ ಕೇಳಿಸಿದರೆ ಎಚ್ಚರಾದೀತೆಂಬ ಆಸೆ ಮನೆಯವರಿಗೆ. ಯಾರ ದನಿ? ಬೇರೆ ಯಾರದು! ಅಮಿತಾಭ್ ಬಚ್ಚನ್ ‘ಏಳು ರಾಜು’ ಎಂಬರ್ಥದ ಮಾತು ಮುದ್ರಿಸಿ ಕಳಿಸಿದರು. ಅದನ್ನು ಕಿವಿಯ ಬಳಿ ಹಾಕಿದರು. ರಾಜು ಕಣ್ಣು ಒಂದಿಷ್ಟು ತೆರೆದರಂತೆ. ಹಾಗೆಂದು ಅಮಿತಾಭ್ ಅವರೇ ಆಮೇಲೆ ಬರೆದರು.

ಸೆಪ್ಟೆಂಬರ್ 21ರಂದು ರಾಜು ತೀರಿಕೊಂಡರು. ವಯಸ್ಸು 58. ಮಾರನೇ ದಿನ ದೆಹಲಿಯ ನಿಗಮಬೋಧ ಘಾಟಿನಲ್ಲಿ ಸಂಸ್ಕಾರ ನಡೆದಾಗ, ಅವರ ಜತೆ ಪಂದ್ಯದಲ್ಲಿದ್ದು ಮೊದಲ ಬಹುಮಾನ ಹೊಡೆದಿದ್ದ ಸುನಿಲ್ ಪಾಲ್ ಕೂಡ ಬಂದಿದ್ದರು.