ಸದ್ದು ಮಾಡುವ ಕಿವಿ

ಕಿವಿ ಸದ್ದನ್ನು ಕೇಳುವುದಷ್ಟೇ ಅಲ್ಲ, ತಾನೇ ಸದ್ದು ಮಾಡುತ್ತದೆ! ಕಿವಿಯೊಳಗೆ ಗುಂಯ್ ಎನ್ನುವ ಭ್ರಮೆಯ ಮಾತಲ್ಲ ಇದು. ಒಳಗಿನಿಂದ ಹೊರಟು ಮೈಕ್ರೊಫೋನಿಗೆ ಸಿಕ್ಕಿಬೀಳುವ ನಿಜವಾದ ಸದ್ದು. 1978ರಲ್ಲಿ ಲಂಡನ್ನಿನ ಡೇವಿಡ್ ಕೆಂಪ್ ಅದನ್ನು ಹಿಡಿದು ತೋರಿಸಿದರು. ಟಿಕ್ ಎಂದು ಸಣ್ಣದೊಂದು ಸದ್ದನ್ನು ಕಿವಿಗೆ ಬಿಟ್ಟು ಕೆಲವೇ ಮಿಲಿಸೆಕೆಂಡು ಕಾದರೆ, ಒಳಗಿನಿಂದ ಮರುಸದ್ದು! ಇವತ್ತು ಹಸುಗೂಸುಗಳ ಕಿವಿ ಪರೀಕ್ಷಿಸುವುದೂ ಹೀಗೆಯೇ. ಮಗು ನಿದ್ದೆಯಲ್ಲಿದ್ದರೂ ಅದರ ಕಿವಿ ಉತ್ತರ ಕೊಡುತ್ತದೆ.

ಉತ್ತರ ಕೊಡುವವರು ಯಾರು? ಶಂಖದಂತೆ ಎರಡೂವರೆ ಸುತ್ತು ಸುತ್ತಿಕೊಂಡ ಕಾಕ್ಲಿಯಾ ಎಂಬ ಅಂಗವಿದೆ. ಬಿಚ್ಚಿ ಚಾಚಿದರೆ ಸುಮಾರು 35 ಮಿಲಿಮೀಟರ್. ಅಷ್ಟರಲ್ಲೇ ಒಳಸಾಲಿನಲ್ಲಿ ಸುಮಾರು 3,500, ಹೊರಸಾಲುಗಳಲ್ಲಿ ಸುಮಾರು 12,000 ಕೇಶಕೋಶಗಳು! ಮಿದುಳಿಗೆ ಸುದ್ದಿ ಮುಟ್ಟಿಸುವ ಕೆಲಸ ಬಹುಪಾಲು ಒಳಸಾಲಿನದು. ಹಾಗಾದರೆ ಹೊರಸಾಲಿನ ಆ ದಂಡು ಏತಕ್ಕೆ? ಕುಣಿಯಲು! ಸಣ್ಣ ಸದ್ದು ಬಂದರೆ ಸಾಕು, ಸೆಕೆಂಡಿಗೆ ಸಾವಿರಾರು ಸಲ ಉದ್ದವಾಗಿ, ಗಿಡ್ಡವಾಗಿ, ಆ ಅಲೆಯನ್ನು ನೂರು ಪಟ್ಟು ಹಿಗ್ಗಿಸಿಬಿಡುತ್ತವೆ. ಪಿಸುಮಾತು ನಮಗೆ ಕೇಳುವುದು ಅವುಗಳ ಕೃಪೆಯಿಂದ. ದೊಡ್ಡ ಸದ್ದು ಬಂತೋ, ತಮ್ಮ ನೆರವು ಬೇಕಿಲ್ಲವೆಂದು ಕೈಕಟ್ಟಿ ಕೂರುತ್ತವೆ.

ಮನೆಮನೆಯ ಒಗಟೊಂದು ಇಲ್ಲಿ ಬಿಡಿಸಿಕೊಳ್ಳುತ್ತದೆ. "ಸ್ವಲ್ಪ ಜೋರಾಗಿ ಹೇಳೋ" ಎನ್ನುವ ಅಜ್ಜಿ, ಜೋರಾಗಿ ಹೇಳಿದೊಡನೆ "ಯಾಕೋ ಹಾಗೆ ಕಿರುಚ್ತೀಯ?" ಎಂದು ರೇಗುತ್ತಾರೆ. ನಾಟಕವಲ್ಲ! ವಯಸ್ಸಿಗೂ ಗದ್ದಲಕ್ಕೂ ಸುಲಭವಾಗಿ ಬಲಿಯಾಗುವುದು ಈ ಹೊರಕೋಶಗಳೇ. ಮೆಲುದನಿ ಅಳಿಸಿಹೋಗುತ್ತದೆ, ಜೋರುದನಿ ಮಾತ್ರ ಹಿಂದಿನಷ್ಟೇ ಜೋರು. ಕೋಳಿಗಳಲ್ಲಿ ಸತ್ತ ಕೇಶಕೋಶ ಮತ್ತೆ ಹುಟ್ಟುತ್ತದೆ, ನಮ್ಮಲ್ಲಿ ಇಲ್ಲ. ನಿಂತುಹೋದ ಆ ಕುಣಿತವನ್ನು ಶ್ರವಣಯಂತ್ರವೊಂದಕ್ಕೆ ಕಲಿಸಿಕೊಡುವವರೇ ಆಡಿಯಾಲಜಿಸ್ಟ್.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಇದನ್ನೇ ಕಲಿಸುವ ಒಂದು ಸಂಸ್ಥೆಯಿದೆ: 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಎಲ್ಲರ ಬಾಯಲ್ಲಿ 'ಆಯಿಷ್'. ಇಂಥ ಯಾವುದೇ ಕಡೆ ಹೋದರೂ ಮೊದಲು ಸಿಗುವುದು ಹೊರಗಿನ ಸದ್ದು ಒಳಬಾರದ ಪುಟ್ಟ ಕೋಣೆ. ತಲೆಗೆ ಹೆಡ್‌ಫೋನು, ಕೈಗೊಂದು ಗುಂಡಿ. "ಎಷ್ಟು ಸಣ್ಣಗೆ ಕೇಳಿಸಿದರೂ ಒತ್ತಿ." 250 ಹರ್ಟ್ಜ್‌ನಿಂದ 8,000 ಹರ್ಟ್ಜ್‌ವರೆಗೆ ಒಂದೊಂದೇ ಸ್ವರ. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಇಂಟು ಗುರುತು ಬೀಳುತ್ತ ಬೀಳುತ್ತ ಕಣ್ಣೆದುರೇ ಗ್ರಾಫ್ ಮೂಡುತ್ತದೆ! ಗೆರೆ ಕೆಳಗಿಳಿದಷ್ಟೂ ನಷ್ಟ ಹೆಚ್ಚು. ವಯಸ್ಸಾದವರಲ್ಲಿ ಅದು ಸಾಮಾನ್ಯವಾಗಿ ಬಲಕ್ಕೆ, ಎಂದರೆ ಕೀಚಲು ಸ್ವರಗಳತ್ತ, ಜಾರುತ್ತದೆ. 'ಸ', 'ಶ'ಗಳ ಸುಯ್ಯೆನ್ನುವ ದನಿ ಇರುವುದು ಅಲ್ಲೇ. ಆಮೇಲೆ ಹಾಲು, ಕಾಲು, ಸಾಲು ಎಲ್ಲವೂ ಬರೀ 'ಆಲು'! "ಕೇಳಿಸುತ್ತೆ, ಅರ್ಥ ಆಗಲ್ಲ" ಎಂಬ ದೂರಿನ ಮೂಲ ಇಷ್ಟೇ.

ಆಮೇಲೆ ಯಂತ್ರ ಕೂರಿಸಲು ಕಿವಿಯ ಅಚ್ಚು ತೆಗೆಯುವುದನ್ನು ನೋಡಬೇಕು! ದಾರ ಕಟ್ಟಿದ ಹತ್ತಿಯುಂಡೆಯನ್ನು ಮೊದಲು ಒಳಗಿಟ್ಟು, ಮೇಲೆ ಮೆತ್ತನೆಯ ಸಿಲಿಕೋನ್ ತುಂಬುತ್ತಾರೆ. ಕೆಲವೇ ನಿಮಿಷಕ್ಕೆ ಗಟ್ಟಿ. ಹೊರಗೆ ಬಂದ ಅಚ್ಚಿನಲ್ಲಿ ನೀವೆಂದೂ ಕಾಣದ ನಿಮ್ಮ ಕಿವಿಯೋಣಿಯ ತಿರುವುಗಳೆಲ್ಲ ಹಾಜರು, ಎಡಕ್ಕೊಂದು ಬಗೆ, ಬಲಕ್ಕೊಂದು ಬಗೆ. ಆ ಓಣಿಯೂ ಸುಮ್ಮನಿರುವುದಲ್ಲ: 2,700 ಹರ್ಟ್ಜ್ ಆಸುಪಾಸಿನ ಸದ್ದನ್ನು ಯಾರ ಅಪ್ಪಣೆಯೂ ಇಲ್ಲದೆ ತಾನೇ ಏರಿಸುತ್ತಿರುತ್ತದೆ! ಸಾಧನದಿಂದ ಓಣಿ ಮುಚ್ಚಿದರೆ ಆ ಲಾಭ ಖೋತಾ. ಅದನ್ನೂ ಲೆಕ್ಕಹಾಕಿ ತುಂಬಿಕೊಡಬೇಕು.

ಹಾಗಾಗಿ ತೆಳುವಾದ ಕೊಳವೆಯೊಂದು ಕಿವಿತಮಟೆಯ ಹತ್ತಿರ, ಕೆಲವೇ ಮಿಲಿಮೀಟರ್ ದೂರದವರೆಗೂ ಹೋಗುತ್ತದೆ. ಯಂತ್ರದಿಂದ ಎಷ್ಟು ಸದ್ದು ನಿಜಕ್ಕೂ ಅಲ್ಲಿಗೆ ಮುಟ್ಟಿತೆಂದು ಅಳೆಯುತ್ತದೆ. ಪರದೆಯ ಮೇಲೆ ಮುಟ್ಟಬೇಕಾದ ಗೆರೆ, ಮುಟ್ಟಿದ ಗೆರೆ. ಮೆಲುದನಿಗೆ 50 ಡೆಸಿಬೆಲ್, ಸಾಧಾರಣ ಮಾತಿಗೆ 65, ಜೋರಿಗೆ 80 ಎಂದು ಮೂರು ಬಾರಿ ಮಾತಿನ ಸದ್ದು ಕೇಳಿಸಿ, ಗೆರೆಗಳು ಕೂಡುವ ತನಕ ತಿದ್ದುತ್ತಾರೆ. ಮೆಲುದನಿಗೆ ಹೆಚ್ಚು ಏರಿಕೆ, ಜೋರುದನಿಗೆ ಕಡಿಮೆ. ಹೊರಕೋಶಗಳು ಮಾಡುತ್ತಿದ್ದುದೂ ಇದನ್ನೇ ಅಲ್ಲವೇ? ಕುಣಿತ ಯಂತ್ರದ ಚಿಪ್ಪಿನೊಳಗೆ ಮರಳಿದೆ!

ಮೊದಲ ದಿನಗಳಲ್ಲಿ ಫ್ಯಾನಿನ ಸದ್ದು, ಪೇಪರಿನ ಚರಪರ, ಸ್ವಂತ ದನಿ ಎಲ್ಲವೂ ವಿಚಿತ್ರ. ಮಿದುಳು ಒಗ್ಗಿಕೊಳ್ಳಲು ವಾರಗಳೇ ಬೇಕು, ಮತ್ತೆ ಬಂದು ತಿದ್ದಿಸಿಕೊಳ್ಳಬೇಕು. ನಿಮ್ಮ ಮನೆಯಲ್ಲೂ ಟಿವಿಯ ಸೌಂಡು ಏರುತ್ತಿದೆಯೇ? ಬೈಯುವ ಮೊದಲು ಅವರನ್ನು ಪರೀಕ್ಷೆಗೆ ಕರೆದೊಯ್ಯಿರಿ. ಯಂತ್ರ ಹಾಕುವ ಹೊತ್ತಿಗೆ ಹೊರಗಿನ ಬೆಂಚಿನಲ್ಲಿ ಕೂರದೆ ಜೊತೆಗೆ ಒಳಗೆ ಹೋಗಿ. ಪರಿಚಯದ ದನಿಯೊಂದು ಅಲ್ಲಿ ಬೇಕಾಗುತ್ತದೆ. ಕಿರುಚಬೇಡಿ, ನಿಮ್ಮ ಮಾಮೂಲಿ ದನಿಯಲ್ಲೇ ಮಾತಾಡಿ!