ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಇಟ್ಟರೆ ಅಮ್ಮ ಬರೋದು ಹೇಗೆ?

‘ಎಸ್‌ಡಿಎಂಸಿ ಅಂದ್ರೆ ಏನು?’ ಎಂದು ಮೊನ್ನೆ ನಮ್ಮ ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಕೇಳಿದೆ. ಒಬ್ಬ ‘ಹೊಸ ಡೇಟಾಬೇಸಾ ಮಗಾ?’ ಎಂದ. ಸರಿಯಾಗಿ ಹೇಳಿದವರು ಇಬ್ಬರೇ. ಇಬ್ಬರೂ ಸರ್ಕಾರಿ ಶಾಲೆಯಲ್ಲಿ ಓದಿ ಬಂದವರು.

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಎಂಬುದು ಅದರ ಪೂರ್ತಿ ಹೆಸರು. ವಿಜ್ಞಾನಿ ರಾಜಾ ರಾಮಣ್ಣ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಶಿಫಾರಸಿನಂತೆ ಸರ್ಕಾರಿ ಶಾಲೆಗಳಲ್ಲಿ ಇಂಥ ಸಮಿತಿ ರಚಿಸಲು ರಾಜ್ಯ ಸರ್ಕಾರ 2001ರಲ್ಲಿ ಆದೇಶ ಹೊರಡಿಸಿತು. ದೇಶಕ್ಕೆಲ್ಲ ಅನ್ವಯಿಸುವ ಶಿಕ್ಷಣ ಹಕ್ಕು ಕಾಯ್ದೆ ಬಂದದ್ದು 2009ರಲ್ಲಿ. ಅದರ 21ನೇ ಸೆಕ್ಷನ್ ಪ್ರಕಾರ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಮಕ್ಕಳ ಪೋಷಕರೇ ಆಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಶಾಲೆ ಹೇಗೆ ನಡೆಯುತ್ತಿದೆ ಎಂದು ನೋಡುವುದು, ಅಭಿವೃದ್ಧಿ ಯೋಜನೆ ಸಿದ್ಧಪಡಿಸುವುದು, ಅನುದಾನ ಎಲ್ಲಿ ಖರ್ಚಾಯಿತೆಂದು ಗಮನಿಸುವುದು ಅವರ ಕೆಲಸ. ಅನುದಾನರಹಿತ ಖಾಸಗಿ ಶಾಲೆಗಳಿಗೆ ಈ ಸೆಕ್ಷನ್ ಇಲ್ಲ. ಅಂದರೆ ಹೆಬ್ಬಾಳದಲ್ಲಿ ಲಕ್ಷಗಟ್ಟಲೆ ಫೀಸು ಕಟ್ಟುವ ಅಪ್ಪನಿಗೆ ಈ ಕಾಯ್ದೆ ಕೊಡದ ಅಧಿಕಾರ ಗಾರೆ ಕೆಲಸದವನ ಹೆಂಡತಿಗೆ ಇದೆ!

ಇದೆ, ಕಾಗದದಲ್ಲಿ. ನನ್ನ ತಮ್ಮ ಯಲಹಂಕ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಐದನೇ ಕ್ಲಾಸಿನಲ್ಲಿದ್ದಾಗ ಅಮ್ಮ ಸಮಿತಿಯ ಸದಸ್ಯೆಯಾದಳು. ಸಭೆ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ. ಅಮ್ಮ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಒಂದು ದಿನ ರಜೆ ಹಾಕಿದರೆ ಆ ದಿನದ ಸಂಬಳದ ಜೊತೆಗೆ ತಿಂಗಳ ಅಟೆಂಡೆನ್ಸ್ ಬೋನಸ್ಸೂ ಹೋಗುತ್ತದೆ. ಎರಡು ಸಲ ಹೋದಳು. ಮೂರನೇ ಸಲದಿಂದ ನಡಾವಳಿ ಪುಸ್ತಕವೇ ತಮ್ಮನ ಬ್ಯಾಗಿನಲ್ಲಿ ಮನೆಗೆ ಬರತೊಡಗಿತು, ಸಹಿಗೆ. ಸಭೆಗೆ ಹೋಗದಿದ್ದರೂ ‘ಹಾಜರು’.

ಮರುವರ್ಷ ಹೊಸ ಹೆಡ್ ಮೇಡಂ ಬಂದರು. ಸಭೆಯನ್ನು ಭಾನುವಾರ ಹತ್ತಕ್ಕೆ ಬದಲಿಸಿದರು. ಮಾಡಿದ್ದು ಇಷ್ಟೇ. ಆದರೆ ಮೊದಲ ಭಾನುವಾರವೇ ಒಂದು ವಿಷಯ ಹೊರಬಿತ್ತು. ನಾಲ್ಕೈದು ಮಕ್ಕಳು ಮಂಗಳವಾರ, ಶುಕ್ರವಾರ ಶಾಲೆಗೆ ಬರುವುದೇ ಇಲ್ಲ, ಮನೆಯವರಿಗೆ ಓದಿಸುವ ಆಸಕ್ತಿಯೇ ಇಲ್ಲ ಎಂದು ಟೀಚರೊಬ್ಬರು ಬೇಸರ ಮಾಡಿಕೊಂಡರು. ಅದಕ್ಕೆ ಒಬ್ಬ ತಾಯಿ, ‘ಮೇಡಂ, ಅವತ್ತು ನಮ್ಮ ಬೀದಿಗೆ ನೀರು ಬಿಡ್ತಾರೆ. ನಾವು ಏಳೂವರೆಗೇ ಕೆಲಸಕ್ಕೆ ಹೋಗಿರ್ತೀವಿ. ಡ್ರಮ್ ತುಂಬ್ಸೋಕೆ ದೊಡ್ಡ ಹುಡುಗೀನೇ ಇರಬೇಕಲ್ವಾ’ ಎಂದರಂತೆ. ಹಾಜರಿ ಪುಸ್ತಕದಲ್ಲಿ ವರ್ಷವಿಡೀ ಕಾಣುತ್ತಿದ್ದ ಆ ಖಾಲಿ ಜಾಗಕ್ಕೆ ಕಾರಣ ಶಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ವಠಾರದ ಅಜ್ಜಿಯೊಬ್ಬರು ಆ ಮನೆಗಳ ಡ್ರಮ್ಮಿಗೂ ಪೈಪ್ ಹಾಕಲು ಒಪ್ಪಿದರು. ಹುಡುಗಿಯರು ಬರತೊಡಗಿದರು. ಎಲ್ಲರೂ ಅಲ್ಲ, ಮೂವರು.

ಇನ್ನೊಂದು ತೊಡಕು ಚೀಟಿಯದು. ಶಾಲೆಯಿಂದ ಕನ್ನಡದಲ್ಲಿ ಅಚ್ಚಾದ ಚೀಟಿ ಬರುತ್ತದೆ. ನಮ್ಮ ಕಡೆ ಉರ್ದು, ತಮಿಳು, ತೆಲುಗು ಮಾತಾಡುವ ಮನೆಗಳಿವೆ. ರಾಯಚೂರು, ಯಾದಗಿರಿಯಿಂದ ಬಂದು ಕಟ್ಟಡದ ಪಕ್ಕದ ಶೆಡ್ಡುಗಳಲ್ಲಿರುವವರದು ಕನ್ನಡವೇ, ಆದರೆ ಅನೇಕರಿಗೆ ಓದಲು ಬರುವುದಿಲ್ಲ. ಮೇಡಂ ವಾಯ್ಸ್ ಮೆಸೇಜ್ ಕಳಿಸಲು ಶುರು ಮಾಡಿದರು. ಉರ್ದುವಿನಲ್ಲಿ ಹೇಳಲು ಒಬ್ಬ ವಿದ್ಯಾರ್ಥಿಯ ಅಕ್ಕ ಸಿಕ್ಕಳು, ಪಿಯುಸಿ ಓದುವವಳು. ಖರ್ಚು ಸೊನ್ನೆ.

ಬಿಇ ಓದುವ ನಮ್ಮ ಮನೆಗಳಿಗೂ ಕಾಲೇಜಿನಿಂದ ಮೆಸೇಜ್ ಬರುತ್ತದೆ ಬಿಡಿ, ಹಾಜರಿ ಕಡಿಮೆಯಾದಾಗ ಮಾತ್ರ. ಅಪ್ಪನ ಪಾಲಿಗೆ ಕಾಲೇಜೆಂದರೆ ಕೆಟ್ಟ ಸುದ್ದಿ ತರುವ ನಂಬರು. ಶಾಲೆಯೂ ಹಾಗೆಯೇ ದೂರು ಹೇಳಲು ಮಾತ್ರ ಕರೆದರೆ ತಂದೆ-ತಾಯಿ ತಪ್ಪಿಸಿಕೊಳ್ಳುವುದು ಸಹಜ. ‘ಪೋಷಕರಿಗೆ ಆಸಕ್ತಿ ಇಲ್ಲ’ ಎನ್ನುವವರು ಮೊದಲು ಸಭೆಯ ಸಮಯ ಏನಿತ್ತೆಂದು ಹೇಳಲಿ.

ಭಾನುವಾರದ ಸಭೆಗೆ ಟೀಚರುಗಳ ರಜೆಯೂ ಖರ್ಚಾಗುತ್ತದೆ, ಅದೂ ನಿಜ. ಬೇರೊಂದು ದಿನ ಅವರಿಗೆ ಬಿಡುವು ಕೊಡಲು ಇಲಾಖೆ ವ್ಯವಸ್ಥೆ ಮಾಡಬೇಕು. ಇಲ್ಲದಿದ್ದರೆ ಒಬ್ಬ ಹೆಡ್ ಮೇಡಂ ವರ್ಗವಾದ ಕೂಡಲೇ ಸಭೆ ಮತ್ತೆ ಬುಧವಾರಕ್ಕೆ ಹೋಗುತ್ತದೆ.

ನಿಮ್ಮ ತಮ್ಮನೋ ತಂಗಿಯೋ ಸರ್ಕಾರಿ ಶಾಲೆಯಲ್ಲಿದ್ದರೆ ಮುಂದಿನ ಎಸ್‌ಡಿಎಂಸಿ ಸಭೆ ಯಾವತ್ತು, ಎಷ್ಟು ಗಂಟೆಗೆ ಎಂದು ಕೇಳಿ. ನಡಾವಳಿ ಪುಸ್ತಕ ಮನೆಗೆ ಬಂದರೆ, ಅಮ್ಮ ಸಹಿ ಹಾಕುವ ಮೊದಲು ಅದರಲ್ಲಿ ಏನು ಬರೆದಿದೆ ಎಂದು ಓದಿ ಹೇಳಿ.