ವಾರಾಂತ್ಯದ ಹಂಪಿ: ಪರದೇಶದ ವಿದ್ಯಾರ್ಥಿಗಳು ಹಿಡಿದ ದಾರಿ

ರಾತ್ರಿ ಬೆಂಗಳೂರು ಬಿಟ್ಟ ಹಂಪಿ ಎಕ್ಸ್‌ಪ್ರೆಸ್ ಬೆಳಗಾಗುತ್ತಲೇ ಹೊಸಪೇಟೆ ತಲುಪುತ್ತದೆ. ಸಾಲು ರಜೆ ಬಂತೆಂದರೆ ಸ್ಲೀಪರ್ ಬೋಗಿಗಳಿಂದ ಇಳಿಯುವ ಜನರ ನಡುವೆ ಬೆನ್ನಿಗೆ ಚೀಲ ಏರಿಸಿಕೊಂಡ ಪರದೇಶದ ಹುಡುಗ ಹುಡುಗಿಯರೂ ಕಾಣುತ್ತಾರೆ. ನೇಪಾಳದಿಂದ ನರ್ಸಿಂಗ್ ಓದಲು ಬಂದವರು, ಆಫ್ರಿಕಾದಿಂದ ಬಿಸಿಎ, ಬಿಬಿಎ ಓದಲು ಬಂದವರು, ಒಂದು ಸೆಮಿಸ್ಟರ್ ಮಟ್ಟಿಗೆ ಯುರೋಪಿನಿಂದ ಬಂದವರು. ನಿಲ್ದಾಣದ ಹೊರಗೆ ಆಟೊದವರು ಹಿಂದಿ, ಇಂಗ್ಲಿಷು ಬೆರೆಸಿ ದರ ಹೇಳುತ್ತಾರೆ. ಹಂಪಿ ಅಲ್ಲಿಂದ 13 ಕಿ.ಮೀ.

ಕರ್ನಾಟಕಕ್ಕೆ ಓದಲು ಬರುವ ವಿದೇಶಿಯರ ಸಂಖ್ಯೆ ಸಣ್ಣದಲ್ಲ. ಕೇಂದ್ರ ಸರ್ಕಾರದ 2018–19ರ ಉನ್ನತ ಶಿಕ್ಷಣ ಸಮೀಕ್ಷೆ ಪ್ರಕಾರ ದೇಶದಲ್ಲಿದ್ದ ವಿದೇಶಿ ವಿದ್ಯಾರ್ಥಿಗಳು 47,427. ಅದರಲ್ಲಿ 10,023 ಮಂದಿ ಕರ್ನಾಟಕದಲ್ಲೇ ಇದ್ದರು; ಬೇರೆ ಯಾವ ರಾಜ್ಯದಲ್ಲೂ ಅಷ್ಟಿರಲಿಲ್ಲ. ಇವರನ್ನು ಪ್ರವಾಸಿಗರ ಲೆಕ್ಕಕ್ಕೆ ಸೇರಿಸಿಬಿಡುವುದು ಸರಿಯಲ್ಲ. ಎರಡು ಮೂರು ವರ್ಷ ಹಾಸ್ಟೆಲ್ ಅನ್ನ ಉಂಡವರು. ಚೌಕಾಸಿ ಗೊತ್ತು, 'ಖಾರ ಕಡಿಮೆ' ಎನ್ನಲು ಬರುತ್ತದೆ. ಜೇಬು ಮಾತ್ರ ತೆಳು. ನಾಲ್ವರು ಸೇರಿ ಒಂದು ಕೋಣೆ ಹಿಡಿದು, ಬಾಡಿಗೆ ಸೈಕಲ್ ತುಳಿದು, ಮಂಡಕ್ಕಿ ಒಗ್ಗರಣೆ–ಮೆಣಸಿನಕಾಯಿ ಬಜ್ಜಿಯಲ್ಲಿ ಒಂದು ಹೊತ್ತು ಕಳೆದರೇನೇ ಅವರ ಪ್ರವಾಸದ ಲೆಕ್ಕ ಕೂಡಿ ಬರುವುದು.

ಇಂಥವರಿಗೆ ಹಂಪಿಯ ದಾರಿ ತೆರೆದದ್ದು ಹೇಗೆ?

ಹೊರಗಿನವರು ಹಂಪಿಯನ್ನು ಕಂಡು ಬರೆದದ್ದು ಹಳೆಯ ಕಥೆ. 1443ರಲ್ಲಿ ಅಬ್ದುರ್ ರಜಾಕ್ ಬಂದ, 1520ರ ಸುಮಾರಿಗೆ ಡೊಮಿಂಗೊ ಪಾಯೆಸ್ ಬಂದ. ಊರು ಹಾಳಾದ ಮೇಲೆ 1799ರಲ್ಲಿ ಕಾಲಿನ್ ಮೆಕೆಂಜಿ ಅಳತೆ ಮಾಡಿಸಿದ, 1900ರಲ್ಲಿ ರಾಬರ್ಟ್ ಸೀವೆಲ್ ಪುಸ್ತಕ ಬರೆದ. ಇವರಲ್ಲಿ ಯಾರೂ ವಿದ್ಯಾರ್ಥಿಗಳಲ್ಲ.

ವಿದ್ಯಾರ್ಥಿಗಳು ತಂಡ ಕಟ್ಟಿಕೊಂಡು ಬಂದದ್ದು 1980ರಿಂದೀಚೆಗೆ. ರಾಜ್ಯ ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಎಂ.ಎಸ್. ನಾಗರಾಜರಾವ್ ಅವರ ಕಾಲದಲ್ಲಿ ಅಮೆರಿಕದ ಪುರಾತತ್ವಜ್ಞ ಜಾನ್ ಫ್ರಿಟ್ಜ್ ಮತ್ತು ವಾಸ್ತು ಇತಿಹಾಸಕಾರ ಜಾರ್ಜ್ ಮಿಶೆಲ್ 'ವಿಜಯನಗರ ಸಂಶೋಧನಾ ಯೋಜನೆ' ಆರಂಭಿಸಿದರು. ಚಳಿಗಾಲ ಬಂದಾಗಲೆಲ್ಲ ಇವರ ತಂಡ ಹಂಪಿಯಲ್ಲಿ ಬೀಡುಬಿಡುತ್ತಿತ್ತು. ದೇಶ ವಿದೇಶಗಳ ವಾಸ್ತುಶಿಲ್ಪ ವಿದ್ಯಾರ್ಥಿಗಳು ಅಳತೆ ಟೇಪು, ಕಾಗದ, ಪೆನ್ಸಿಲ್ ಹಿಡಿದು ಮಂಟಪ ಮಂಟಪವನ್ನೂ ಅಳೆದರು. ಹೆಸರಾಂತ ಗುಡಿಗಳಷ್ಟೇ ಅಲ್ಲ, ಹೊಲದ ಬದುವಿನಲ್ಲಿ ಮುಳ್ಳುಕಂಟಿಯೊಳಗೆ ನಿಂತ ಸಣ್ಣ ಗುಡಿಯೂ ನಕ್ಷೆಗೆ ಬಂತು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ನಡೆದ ಕೆಲಸ ಇದು. ಮಿಚಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯಾಗಿ ಇಲ್ಲಿನ ಮಡಕೆ ಚೂರುಗಳ ಮೇಲೆ ಪಿಎಚ್‌.ಡಿ ಮಾಡಿದ ಕಾರ್ಲಾ ಸಿನೊಪೊಲಿ, ಮುಂದೆ ಕ್ಯಾಥ್ಲೀನ್ ಮಾರಿಸನ್ ಜೊತೆಗೂಡಿ 1987ರಿಂದ 1997ರವರೆಗೆ ಸುತ್ತಲಿನ ಸೀಮೆಯ ಕೆರೆ, ಕಾಲುವೆ, ಕೋಟೆಗೋಡೆಗಳನ್ನು ಕಾಲ್ನಡಿಗೆಯಲ್ಲಿ ದಾಖಲಿಸಿದರು. ಹಂಪಿಯೆಂದರೆ ಬರೀ ಗುಡಿ ಅರಮನೆಗಳಲ್ಲ, ಒಂದು ಇಡೀ ಸೀಮೆ ಎಂಬ ತಿಳಿವಳಿಕೆ ಗಟ್ಟಿಯಾದದ್ದರಲ್ಲಿ ಈ ನಡಿಗೆಯ ಪಾಲು ದೊಡ್ಡದು.

ಓದಲು ಬಂದವರ ಹಿಂದೆಯೇ ನೋಡಲು ಬಂದವರು ಹೆಚ್ಚಿದರು. 1986ರಲ್ಲಿ ಹಂಪಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿತು. ಗುಂತಕಲ್ಲಿನಿಂದ ವಾಸ್ಕೊಗೆ ಹೋಗುವ ರೈಲು ಮಾರ್ಗದಲ್ಲೇ ಹೊಸಪೇಟೆ ಇದೆ. ಗೋವಾದ ಕಡಲತೀರದಲ್ಲಿ ಕುಳಿತವರಿಗೆ ಹಂಪಿ ಒಂದು ರಾತ್ರಿಯ ದಾರಿಯಾಯಿತು. ಆದರೆ ಪಟ್ಟಿಯಿಂದ, ರೈಲಿನಿಂದ ಮಾತ್ರ ಯಾರೂ ಮೂರು ದಿನ ನಿಲ್ಲುವುದಿಲ್ಲ. ಅವರನ್ನು ನಿಲ್ಲಿಸಿದವರು ಹಂಪಿ ಬಜಾರ್ ಮತ್ತು ಜನತಾ ಪ್ಲಾಟಿನ ಮನೆಯವರು. ಮಾಳಿಗೆ ಮೇಲೆ ಎರಡು ಕೋಣೆ ಎತ್ತಿದರು, ಸೊಳ್ಳೆ ಪರದೆ ಕಟ್ಟಿದರು, ತಿಂಡಿ ಪಟ್ಟಿಯಲ್ಲಿ ದೋಸೆಯ ಪಕ್ಕ ಬಾಳೆಹಣ್ಣಿನ ಪ್ಯಾನ್‌ಕೇಕ್ ಬರೆದರು. ಕನ್ನಡಿ ಚೂರು, ಕವಡೆ ಹೊಲಿದ ಚೀಲಗಳನ್ನು ಲಂಬಾಣಿ ಹೆಂಗಸರು ಬೀದಿಯಲ್ಲಿ ಹರವಿದರು. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿ ಮಾನ್ಯತೆ ಸಿಗುವ ಮೊದಲೇ ಆ ಕೈಕೆಲಸ ಪರದೇಶದ ಹಾಸ್ಟೆಲ್ ಕೋಣೆಗಳನ್ನು ತಲುಪಿತ್ತು.

ಹೊಳೆಯಾಚೆ ಕೊಪ್ಪಳ ಜಿಲ್ಲೆಯ ವಿರುಪಾಪುರ ಗಡ್ಡಿಯಲ್ಲಿ ಬೇರೆಯೇ ಲೋಕ ಬೆಳೆಯಿತು. ಭತ್ತದ ಗದ್ದೆ ಎದುರು ಗುಡಿಸಲು, ನೆಲಹಾಸಿಗೆಯ ಹೋಟೆಲು, ಹೀಬ್ರೂ ಅಕ್ಷರದ ಫಲಕ. 2003ರಲ್ಲಿ ಅಮೆರಿಕದ ಬಂಡೆ ಏರುವ ಸಾಹಸಿ ಕ್ರಿಸ್ ಶರ್ಮಾ ಇಲ್ಲಿನ ಬಂಡೆಗಳನ್ನು ಏರುವುದನ್ನು ತೋರಿಸುವ 'ಪಿಲ್ಗ್ರಿಮೇಜ್' ಚಿತ್ರ ಬಂದಮೇಲೆ ಯುವಕರಿಗೆ ಹೊಸ ನೆಪ ಸಿಕ್ಕಿತು. ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. ಮೈ ಒರಟು, ಬೆರಳಿಗೆ ಹಿಡಿತ ಕೊಡುತ್ತದೆ. ಬಿಸಿಲೇರಿದರೆ ಮುಟ್ಟಲಾಗದು, ಹಾಗಾಗಿ ನಸುಕಿನಲ್ಲೇ ದಪ್ಪ ಹಾಸಿಗೆ ಹೊತ್ತು ಹೋಗಿ, ಬಂಡೆಯ ಬುಡದಲ್ಲಿ ಹಾಸಿ, ಅಂಗೈಗೆ ಬಿಳಿ ಪುಡಿ ಉಜ್ಜಿಕೊಂಡು ಹತ್ತುತ್ತಾರೆ. ಹಗ್ಗವಿಲ್ಲ. ಕೈಜಾರಿದರೆ ಆ ಹಾಸಿಗೆಯೇ ಗತಿ.

ಇದೇ ಹೊತ್ತಿಗೆ ಏಷ್ಯಾದ ವಿದ್ಯಾರ್ಥಿಗಳೂ ಕನ್ನಡ ನಾಡಿನಲ್ಲಿ ನೆಲೆ ನಿಲ್ಲತೊಡಗಿದ್ದರು. 1997ರಲ್ಲಿ ಶುರುವಾದ ಮೆಲಾಕ ಮಣಿಪಾಲ ವೈದ್ಯಕೀಯ ಕಾಲೇಜಿನ ಮಲೇಷ್ಯಾದ ಮಕ್ಕಳು ಮೊದಲ ವರ್ಷಗಳನ್ನು ಮಣಿಪಾಲದಲ್ಲೇ ಓದಿದರು. 2010ರಿಂದ ಮಲೇಷ್ಯಾದ ಸೇನ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ತಂಡ ಬೆಳಗಾವಿಯ ಕೆಎಲ್‌ಇಗೆ ಬಂತು. ಮನೆಗೆ ಹೋಗಲು ವಿಮಾನದ ದುಡ್ಡು ಸಾಲದ ಸಣ್ಣ ರಜೆಗಳಲ್ಲಿ ಇಂಥವರಿಗೆ ಉಳಿಯುವುದು ಗೋವಾ, ಹಂಪಿ, ಮೈಸೂರು. ಗದಗ, ಕೊಪ್ಪಳ ದಾಟಿದರೆ ಬೆಳಗಾವಿಯವರಿಗೆ ಹೊಸಪೇಟೆ ದೂರವೇನಲ್ಲ.

ಇಂಥ ಗುಂಪಿಗೆ ಹಂಪಿಯಲ್ಲಿ ಮೊದಲು ತೋರಿಸಬೇಕಾದದ್ದು ವಿರೂಪಾಕ್ಷನ ಗುಡಿಯ ಹಿಂಬದಿಯ ಕತ್ತಲೆ ಕೋಣೆ. ಗೋಡೆಯ ಸಣ್ಣ ಕಿಂಡಿಯಿಂದ ಬೆಳಕು ಒಳಬಂದು ರಾಜಗೋಪುರದ ನೆರಳು ಎದುರಿನ ಗೋಡೆಯ ಮೇಲೆ ತಲೆಕೆಳಗಾಗಿ ಮೂಡುತ್ತದೆ. ಬೆಳಕಿನ ಪಾಠವನ್ನು ಎಲ್ಲ ದೇಶದವರೂ ಶಾಲೆಯಲ್ಲಿ ಓದಿದವರೇ. ಅದು ಕಲ್ಲಿನಲ್ಲಿ ನಡೆಯುವುದನ್ನು ಕಂಡಾಗ ವಿವರಣೆಗೆ ಗೈಡ್ ಬೇಕಾಗುವುದಿಲ್ಲ. ಕಲ್ಲಿನ ರಥ ನೋಡಲು ವಿಠ್ಠಲನ ಗುಡಿಗೆ ಹೋದಾಗ ಮಾತ್ರ ಗೆಳೆಯರ ಪಾಸ್‌ಪೋರ್ಟ್‌ಗಳು ಅವರನ್ನು ಬೇರೆ ಮಾಡುತ್ತವೆ. 2018ರಲ್ಲಿ ಪರಿಷ್ಕರಿಸಿದ ದರದಂತೆ ಭಾರತೀಯರಿಗೆ 40 ರೂಪಾಯಿ, ವಿದೇಶಿಯರಿಗೆ 600. ನೇಪಾಳ, ಭೂತಾನ್, ಶ್ರೀಲಂಕಾದಂಥ ನೆರೆ ದೇಶಗಳವರಿಗೆ ಭಾರತೀಯರ ದರವೇ. ಮಲೇಷ್ಯಾ ಆ ಪಟ್ಟಿಯಲ್ಲಿಲ್ಲ.

ಇಷ್ಟೆಲ್ಲ ಕಟ್ಟಿಕೊಂಡ ದಾರಿ ಕಳೆದ ಒಂದೂವರೆ ದಶಕದಲ್ಲಿ ಕಿರಿದಾಗುತ್ತ ಬಂದಿದೆ. 2011ರ ಜುಲೈ ಕೊನೆಯಲ್ಲಿ ಹಂಪಿ ಬಜಾರಿನ ಮಂಟಪಗಳಲ್ಲಿದ್ದ ಮನೆ, ಅಂಗಡಿಗಳನ್ನು ತೆರವು ಮಾಡಲಾಯಿತು. 2019ರ ಆಗಸ್ಟ್ ಪ್ರವಾಹದಲ್ಲಿ ವಿರುಪಾಪುರ ಗಡ್ಡಿಯಲ್ಲಿ ಸಿಕ್ಕಿಬಿದ್ದ ನೂರಾರು ಪ್ರವಾಸಿಗರನ್ನು ಹೊರತರಬೇಕಾಯಿತು. 2020ರ ಫೆಬ್ರುವರಿಯಲ್ಲಿ ಗಡ್ಡಿಯ ಕಟ್ಟಡಗಳನ್ನು ತೆರವು ಮಾಡಬಹುದೆಂಬ ಹೈಕೋರ್ಟಿನ ಆದೇಶವನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ, ಮಾರ್ಚ್‌ನಲ್ಲಿ ಅಲ್ಲಿನ ರೆಸಾರ್ಟುಗಳು ಉರುಳಿದವು. ವ್ಯಾಪಾರ ಸಾಣಾಪುರ, ಆನೆಗೊಂದಿ ಕಡೆಗೆ ಸರಿಯಿತು. 2025ರ ಮಾರ್ಚ್‌ನಲ್ಲಿ ಸಾಣಾಪುರದ ಬಳಿ ರಾತ್ರಿ ಪ್ರವಾಸಿಗರ ಮೇಲೆ ಹಲ್ಲೆ ನಡೆಯಿತು. ಇಬ್ಬರು ಮಹಿಳೆಯರ ಮೇಲೆ ಅತ್ಯಾಚಾರವಾಯಿತು, ಒಬ್ಬ ಯುವಕ ಜೀವ ಕಳೆದುಕೊಂಡ. ಈ ಸೀಮೆಯ ಅತಿಥಿ ಸತ್ಕಾರಕ್ಕೆ ಬಿದ್ದ ಪೆಟ್ಟು ಅದು, ಮರೆಯುವಂಥದ್ದಲ್ಲ, ಮರೆಯಬಾರದ್ದು.

ಸ್ಮಾರಕದ ಮೈಮೇಲೆ ಹೋಟೆಲು ಕಟ್ಟುವುದನ್ನು ಯಾರೂ ಸಮರ್ಥಿಸಲಾರರು. ಹಂಪಿ ಸುತ್ತ ಬೇಕಾಬಿಟ್ಟಿ ಸೇತುವೆ ಕಟ್ಟಲು ಹೋಗಿ 1999ರಲ್ಲಿ ಯುನೆಸ್ಕೊದ 'ಅಪಾಯದಲ್ಲಿರುವ ತಾಣ' ಎಂಬ ಪಟ್ಟಿ ಸೇರಿ, 2006ರವರೆಗೂ ಅಲ್ಲೇ ಉಳಿದ ಊರು ಇದು. ಆದರೆ ಕೆಡವಿದಷ್ಟು ಚುರುಕಾಗಿ, ಕೆಡವಿದ್ದಕ್ಕೆ ಬದಲಿ ಕಟ್ಟಲಿಲ್ಲ. ವಿದೇಶಿಯರು ತಂಗಿದರೆ ಕೋಣೆ ಕೊಟ್ಟವರು 24 ಗಂಟೆಯೊಳಗೆ ಅವರ ವಿವರದ ಫಾರಂ ಅನ್ನು ನೋಂದಣಿ ಅಧಿಕಾರಿಗೆ ಸಲ್ಲಿಸಬೇಕೆಂಬ ನಿಯಮವಿದೆ. ಅದರ ಗೊಡವೆಯೇ ಬೇಡವೆಂದು ಪಾಸ್‌ಪೋರ್ಟ್ ಕಂಡ ಕೂಡಲೇ ಕೋಣೆ ಖಾಲಿಯಿಲ್ಲ ಎನ್ನುವ ಸಣ್ಣ ಲಾಡ್ಜುಗಳೂ ಇವೆ. ಹಾಗಾದಾಗ ಕಡಿಮೆ ದುಡ್ಡಿನ ಹುಡುಗರು ಒಂದೋ ಬೆಳಗ್ಗೆ ಬಂದು ರಾತ್ರಿ ರೈಲಿಗೆ ಮರಳುತ್ತಾರೆ, ಇಲ್ಲವೇ ದೀಪವಿಲ್ಲದ ದಾರಿಯ ತುದಿಯಲ್ಲಿ ಪರವಾನಗಿ ಇಲ್ಲದ ಕೋಣೆ ಹುಡುಕುತ್ತಾರೆ.

2021ರಿಂದ ಹೊಸಪೇಟೆ ವಿಜಯನಗರ ಜಿಲ್ಲೆಯ ಕೇಂದ್ರ. ಹಂಪಿ ಪ್ರಾಧಿಕಾರ, ಪ್ರವಾಸೋದ್ಯಮ ಇಲಾಖೆ, ಕನ್ನಡ ವಿಶ್ವವಿದ್ಯಾಲಯ ಮೂರೂ ಇಲ್ಲೇ ಕೂಗಳತೆಯಲ್ಲಿವೆ. ಕೆಂಪು ಬಸ್ಸಿನಲ್ಲಿ ಅಡುಗೆ ಪಾತ್ರೆ ಹೇರಿಕೊಂಡು ಬರುವ ನಮ್ಮ ಶಾಲೆ ಮಕ್ಕಳಿಗೂ, ಕಾಲೇಜಿನ ಗುರುತಿನ ಚೀಟಿ ತೋರಿಸುವ ಪರದೇಶದ ವಿದ್ಯಾರ್ಥಿಗಳಿಗೂ ಸೇರುವಂತೆ ಹಂಪಿ ಪಕ್ಕದ ಕಮಲಾಪುರದಲ್ಲಿ ಅಗ್ಗದ, ಸುರಕ್ಷಿತ ತಂಗುದಾಣವೊಂದನ್ನು ಈ ಮೂವರೂ ಸೇರಿ ಕಟ್ಟಲಿ. ವಿದೇಶಿಯರ ಫಾರಂ ತುಂಬಲು ಅಲ್ಲೊಬ್ಬ ಸಿಬ್ಬಂದಿ, ಹೆಣ್ಣುಮಕ್ಕಳಿಗೆ ಬೇರೆ ಕೋಣೆ, ಕತ್ತಲಾದ ಮೇಲೂ ಹೊಸಪೇಟೆ ನಿಲ್ದಾಣಕ್ಕೆ ಬಸ್ಸು ಇರಲಿ. ಬರುವ ಚಳಿಗಾಲದ ಪ್ರವಾಸದ ಹೊತ್ತಿಗೆ ಜಾಗ ಗುರುತಿಸಿದರೂ ಸಾಕು, ಕೆಲಸ ಶುರುವಾದಂತೆ.